ಕಿಟಕಿಯಾಚೆ ರಾಜಂ ಏನೆಂದ?

ಶಿರಸಿ ಬಳಿಯ ನಮ್ಮ ಸೋಂದೆಯಲ್ಲಿ ಆಷಾಢದ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಫೋನು. ಅಂಥದೊಂದು ಸಂಜೆ ನಮ್ಮನೆ ಜಗುಲಿಯಲ್ಲಿ ಅಣ್ಣನ ಮಗಳು ಶಾಲೆಯ ಪಟ್ಟಿ ಬಿಚ್ಚಿಕೊಂಡು ಕೂತಿದ್ದಳು. ಹಾಳೆಯ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಕ್ಕೆ ‘ಸ್ವಾಮಿ’, ಬಲಕ್ಕೆ ‘ರಾಜಂ’. ಕಾದಂಬರಿಯ ಕೊನೆಯಲ್ಲಿ ಈ ಇಬ್ಬರ ಆಲೋಚನೆ, ಭಾವನೆಗಳನ್ನು ಹೋಲಿಸಿ ಬರೆಯಿರಿ ಎಂಬುದು ಪ್ರಶ್ನೆ. ಎಡಗಡೆ ಹಾಳೆಯ ಬುಡದವರೆಗೂ ತುಂಬಿತ್ತು: ಹೆದರಿಕೆ, ನಾಚಿಕೆ, ಆಸೆ, ಪಶ್ಚಾತ್ತಾಪ, ಅಳು. ಬಲಗಡೆ ಒಂದೇ ಶಬ್ದ, ‘ಸಿಟ್ಟು’. ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ.

‘ರಾಜಂ ಬಗ್ಗೆ ಪುಸ್ತಕದಲ್ಲಿ ಎಂತದೂ ಹೇಳಿದ್ದೇ ಇಲ್ಲೆ’ ಎಂದಳು ಕೂಸು. ತಪ್ಪು ತನ್ನದೋ ಪುಸ್ತಕದ್ದೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನಗೋ, ಆ ಖಾಲಿ ಬಲಗಡೆ ನೋಡಿ ಒಂದು ಗಳಿಗೆ ಮಾತೇ ಹೊರಡಲಿಲ್ಲ. ಅದರ ಕಾರಣ ಆಮೇಲೆ ಹೇಳುತ್ತೇನೆ.

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ಕನ್ನಡಕ್ಕೆ ಅದನ್ನು ತಂದವರು ಎಚ್.ವೈ. ಶಾರದಾಪ್ರಸಾದ್. ನಮ್ಮ ವಯಸ್ಸಿನವರಿಗೆ ಪುಸ್ತಕಕ್ಕಿಂತ ಮೊದಲು ಸಿಕ್ಕಿದ್ದು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಟೀವಿ ಧಾರಾವಾಹಿ ‘ಮಾಲ್ಗುಡಿ ಡೇಸ್’. ಹಂಚಿನ ಮಾಡು, ಕಟ್ಟೆ, ಮಳೆಗೆ ಕಪ್ಪಾದ ಗೋಡೆ ನೋಡಿ ಮಾಲ್ಗುಡಿ ನಮ್ಮ ಮಲೆನಾಡಿನದೇ ಊರು ಎಂದು ನಂಬಿದ್ದೆವು. ಮಾಸ್ಟರ್ ಮಂಜುನಾಥನ ಮುಖವೇ ಸ್ವಾಮಿಯ ಮುಖವಾಯಿತು. ತೆರೆಯ ಮೇಲೆ ರಾಜಂಗೂ ಒಂದು ಮುಖ ಇರುತ್ತದೆ. ಕಣ್ಣು ತೇವವಾದದ್ದು, ತುಟಿ ಬಿಗಿದದ್ದು ನಮಗೆ ಕಾಣುತ್ತದೆ. ಪುಸ್ತಕದಲ್ಲಿ ಆ ಸೌಕರ್ಯ ಇಲ್ಲ. ಬಲಗಡೆಯ ಅಂಕಣ ಖಾಲಿ ಉಳಿಯುವುದು ಪುಸ್ತಕ ಓದಿದ ಮಕ್ಕಳದು, ಟೀವಿ ನೋಡಿದವರದಲ್ಲ.

ಕೊನೆಯ ಪ್ರಸಂಗ ಇಷ್ಟು. ರಾಜಂನ ಅಪ್ಪ ಪೊಲೀಸ್ ಅಧಿಕಾರಿ, ಅವರಿಗೆ ವರ್ಗವಾಗಿದೆ. ಕ್ರಿಕೆಟ್ ಪಂದ್ಯಕ್ಕೆ ಬಾರದೆ ಹೋದ ಸ್ವಾಮಿಯೊಡನೆ ರಾಜಂ ಮಾತು ಬಿಟ್ಟಿದ್ದಾನೆ. ಅವನು ಹೊರಡುವ ಸುದ್ದಿಯೂ ಸ್ವಾಮಿಗೆ ತಿಳಿಯುವುದು ಮೂರನೆಯವನಾದ ಮಣಿಯ ಬಾಯಿಂದ. ಸ್ವಾಮಿ ನಸುಕಿಗೆದ್ದು, ಹ್ಯಾನ್ಸ್ ಆ್ಯಂಡರ್ಸನ್ನನ ಕಿನ್ನರ ಕಥೆಗಳ ಪುಸ್ತಕವೊಂದನ್ನು ಹಿಡಿದು ಸ್ಟೇಶನ್ನಿಗೆ ಹೋಗುತ್ತಾನೆ. ಪ್ಲಾಟ್‌ಫಾರ್ಮಿನ ತುಂಬ ಪೊಲೀಸರು, ಹಾರ, ಗದ್ದಲ. ಹತ್ತಿರ ಹೋಗಲು ಧೈರ್ಯ ಸಾಲದು. ಗಾಡಿ ಹೊರಡುತ್ತದೆ. ಮಣಿ ಅವನನ್ನು ಎಳೆದುಕೊಂಡು ಓಡಿ ಪುಸ್ತಕವನ್ನು ರಾಜಂ ಕೈಗೆ ಮುಟ್ಟಿಸುತ್ತಾನೆ. ರಾಜಂ ಸ್ವಾಮಿಯ ಕಡೆ ನೋಡಿ ಏನೋ ಹೇಳುತ್ತಾನೆ. ರೈಲಿನ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಏನೆಂದ ಎಂದು ಸ್ವಾಮಿ ಕೇಳಿದರೆ, ಕಾಗದ ಬರೆಯುತ್ತಾನಂತೆ ಎಂದು ಮಣಿ ಹೇಳುತ್ತಾನೆ. ಅವನ ಹತ್ತಿರ ನನ್ನ ವಿಳಾಸ ಇದೆಯೇ? ಇದೆಯಂತೆ. ಮಣಿ ನಿಜ ಹೇಳುತ್ತಿದ್ದಾನೋ ಸಮಾಧಾನಕ್ಕೆ ಹೇಳುತ್ತಿದ್ದಾನೋ ಎಂದು ಸ್ವಾಮಿ ಅವನ ಮುಖ ನೋಡುತ್ತಾನೆ. ಆ ಮುಖದಲ್ಲಿ ಏನೂ ಓದಲಾಗುವುದಿಲ್ಲ.

ನಾರಾಯಣ್ ಬೆಂಗಳೂರಿನಲ್ಲಿ, ಅಜ್ಜಿ ಗೊತ್ತುಮಾಡಿದ ಶುಭದಿನದಂದು ಹೊಸ ಪಟ್ಟಿ ಹಿಡಿದು ಕೂತಾಗ ಅವರ ಕಣ್ಣಿಗೆ ಮೊದಲು ಕಂಡದ್ದು ಮಾಲ್ಗುಡಿಯ ಪುಟ್ಟ ರೈಲ್ವೆ ಸ್ಟೇಶನ್ನು. ಅದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಗಾಡಿ ಬರುವ ಸ್ಟೇಶನ್ನಿನಿಂದ ಹುಟ್ಟಿದ ಊರಿನ ಮೊದಲ ಕಾದಂಬರಿ, ಗಾಡಿ ಹೋದ ಸ್ಟೇಶನ್ನಿನಲ್ಲಿ ನಿಲ್ಲುತ್ತದೆ.

ಕೂಸಿನ ಬಲಗಡೆ ಖಾಲಿ ಉಳಿದದ್ದಕ್ಕೆ ಕಾರಣ ಸರಳ. ಲೇಖಕರು ಕಥೆಯುದ್ದಕ್ಕೂ ಸ್ವಾಮಿಯ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಾರೆ. ಸ್ವಾಮಿಗೆ ಹೊಟ್ಟೆನೋವು ಬಂದರೆ ನಮಗೂ ಗೊತ್ತು, ಕತ್ತಲಿಗೆ ಹೆದರಿದರೆ ನಮಗೂ ಗೊತ್ತು. ರಾಜಂ ನಮಗೆ ಕಾಣುವುದು ಸ್ವಾಮಿಗೆ ಕಂಡಷ್ಟೇ. ಹಾಗಾಗಿ ಒಬ್ಬನ ಮನಸ್ಸನ್ನು ಓದಿ ತಿಳಿಯಬೇಕು, ಇನ್ನೊಬ್ಬನದನ್ನು ಅವನ ನಡೆಯಿಂದ ಊಹಿಸಬೇಕು. ಎರಡನ್ನೂ ಒಂದೇ ಅಳತೆಯ ಎರಡು ಅಂಕಣಕ್ಕೆ ಹಾಕು ಎಂದರೆ ಮಕ್ಕಳು ಕಂಗಾಲಾಗುವುದು ಸಹಜ. ಪ್ರಶ್ನೆ ಹಾಕಿದವರಿಗೂ ಇದು ಹೊಳೆದಿರಲಿಕ್ಕಿಲ್ಲ.

ಇದಕ್ಕಿಂತ ಆಳದ ತೊಡಕೊಂದು ನಮ್ಮ ಭಾಷೆಯಲ್ಲೇ ಇದೆ. ‘ಆಲೋಚನೆ’, ‘ಭಾವನೆ’ ಎಂದು ಪಠ್ಯ ಎರಡು ಮಾಡುತ್ತದೆ. ಮನೆಯಲ್ಲಿ ನಾವು ಹಾಗೆ ಮಾಡುವುದಿಲ್ಲ. ‘ನಂಗೆ ಹಂಗನಿಸ್ತು’ ಎಂದರೆ ಯೋಚನೆಯೂ ಹೌದು, ಭಾವವೂ ಹೌದು. ‘ಅನಿಸು’ ಎಂಬ ಕ್ರಿಯಾಪದದೊಳಗೆ ಎರಡೂ ಹೆಣೆದುಕೊಂಡಿವೆ. ಕನ್ನಡದ ಈ ಜಾಣತನ ನನಗೆ ಇಷ್ಟ. ಆದರೆ ಇಬ್ಬರನ್ನು ಹೋಲಿಸುವಾಗ ಹೆಣಿಗೆಯನ್ನು ಸ್ವಲ್ಪ ಬಿಡಿಸಲೇಬೇಕಾಗುತ್ತದೆ. ಸಿಟ್ಟು ಸುಮ್ಮನೆ ಬರುವುದಿಲ್ಲ. ‘ಹೀಗಾಗಿದೆ’ ಎಂದು ಒಬ್ಬ ನಂಬಿದ್ದರ ಮೇಲೆ ಅದು ನಿಂತಿರುತ್ತದೆ. ಆ ನಂಬಿಕೆಯನ್ನು ಹುಡುಕದೆ ಭಾವನೆಯ ಹೆಸರನ್ನಷ್ಟೇ ಬರೆದರೆ ಅದು ಪಾತ್ರಕ್ಕೆ ಅಂಟಿಸಿದ ಚೀಟಿಯಾಗುತ್ತದೆ.

ಇನ್ನೊಬ್ಬರ ನಂಬಿಕೆ ಮಕ್ಕಳಿಗೆ ಯಾವಾಗ ಹೊಳೆಯುತ್ತದೆ? 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿಮರ್ ಮತ್ತು ಪರ್ನರ್ ಎಂಬ ಮನೋವಿಜ್ಞಾನಿಗಳು ಪುಟ್ಟ ಮಕ್ಕಳಿಗೆ ಒಂದು ಕಥೆ ಹೇಳಿ ಪ್ರಶ್ನೆ ಕೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ತಿರುಗಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಚಾಕಲೇಟು ಈಗ ಇರುವ ಜಾಗವನ್ನೇ ತೋರಿಸುತ್ತದೆ. ತನಗೆ ಗೊತ್ತಿದ್ದದ್ದು ಮ್ಯಾಕ್ಸಿಗೂ ಗೊತ್ತು ಎಂದು ಅದರ ಎಣಿಕೆ. ನಾಲ್ಕೈದು ವರ್ಷದ ಹೊತ್ತಿಗೆ ಮಗುವಿಗೆ ಅರಿವಾಗತೊಡಗುತ್ತದೆ: ಅವನಿಗೆ ಗೊತ್ತಿಲ್ಲ, ಅವನು ಹಳೆಯ ಕಪಾಟನ್ನೇ ತೆರೆಯುತ್ತಾನೆ. ಇನ್ನೊಬ್ಬನ ತಲೆಯೊಳಗೆ ತನ್ನದಕ್ಕಿಂತ ಬೇರೆಯಾದ ಲೋಕವಿದೆ ಎಂಬ ಈ ಅರಿವು ಇಲ್ಲದಿದ್ದರೆ ಕಾದಂಬರಿ ಓದುವುದೇ ಆಗದು.

ಸ್ವಾಮಿ ಮತ್ತು ರಾಜಂ ನಡುವಿನ ಬಿರುಕು ಇಂಥದೇ ಎರಡು ಲೋಕಗಳದು. ಬೋರ್ಡ್ ಹೈಸ್ಕೂಲಿನ ಸಂಜೆಯ ಡ್ರಿಲ್ಲಿನಿಂದಾಗಿ ಸ್ವಾಮಿಗೆ ಕ್ರಿಕೆಟ್ ಅಭ್ಯಾಸ ತಪ್ಪುತ್ತದೆ. ಡ್ರಿಲ್ ತಪ್ಪಿಸಿ ಹೆಡ್‌ಮಾಸ್ತರರ ಬೆತ್ತದೆದುರು ಸಿಕ್ಕಿಬಿದ್ದವನು ಬೆತ್ತವನ್ನೇ ಕಿಟಕಿಯಾಚೆ ಎಸೆದು ಓಡಿಹೋಗುತ್ತಾನೆ. ಊರು ಬಿಟ್ಟು ಮೆಂಪಿ ಕಾಡಿನ ದಾರಿ ಹಿಡಿದು, ಕತ್ತಲಲ್ಲಿ ದಿಕ್ಕು ತಪ್ಪಿ ಬಿದ್ದವನನ್ನು ಉಳಿಸುವವರು ಒಬ್ಬ ಗಾಡಿಯವನು ಮತ್ತು ಒಬ್ಬ ಅರಣ್ಯಾಧಿಕಾರಿ. ದಿನದ ಲೆಕ್ಕ ತಪ್ಪಿದ ಸ್ವಾಮಿ ಪಂದ್ಯ ಇನ್ನೂ ಆಗಿಲ್ಲ ಎಂದೇ ನಂಬಿಕೊಂಡು ಹಿಗ್ಗಿನಲ್ಲಿ ಊರಿಗೆ ಬರುತ್ತಾನೆ. ಅಷ್ಟರಲ್ಲಿ ಪಂದ್ಯ ಮುಗಿದು ರಾಜಂ ಕಟ್ಟಿದ ತಂಡ ಎಂಸಿಸಿ ಸೋತಿರುತ್ತದೆ. ಇನ್ನು ರಾಜಂಗೆ ಗೊತ್ತಿದ್ದದ್ದು ಒಂದೇ: ಆಡುವ ದಿನ ತನ್ನ ಬೌಲರ್ ಇರಲಿಲ್ಲ. ಸ್ವಾಮಿಯ ಹಿಗ್ಗು ನಿಂತದ್ದು ತಪ್ಪು ತಿಳಿವಳಿಕೆಯ ಮೇಲೆ, ರಾಜಂನ ಸಿಟ್ಟು ನಿಂತದ್ದು ಅರ್ಧ ತಿಳಿವಳಿಕೆಯ ಮೇಲೆ. ಕಾಡಿನ ಆ ರಾತ್ರಿಯನ್ನು ರಾಜಂ ಕಂಡಿದ್ದರೆ? ಅವನು ಕಂಡಿಲ್ಲ, ನಾವು ಮಾತ್ರ ಕಂಡಿದ್ದೇವೆ. ಅದಕ್ಕೇ ಓದುವವರಿಗೆ ರಾಜಂ ಮೇಲೆ ಬರುವ ಬೇಸರ ಪೂರ್ತಿ ನ್ಯಾಯದ್ದಲ್ಲ.

ಹಾಗಾದರೆ ರಾಜಂನ ಮನಸ್ಸಿಗೆ ಸಾಕ್ಷಿ ಎಲ್ಲಿದೆ? ಕೊನೆಯ ಪುಟವೊಂದನ್ನೇ ಹಿಡಿದು ಕೂತರೆ ಸಿಗುವುದಿಲ್ಲ, ಹಿಂದಕ್ಕೆ ಹೋಗಬೇಕು. ನಾವಿಬ್ಬರೂ ಲಾಟೀನು ಹಚ್ಚಿಕೊಂಡು ಹೋದೆವು.

ಹೊಸ ಹುಡುಗನಾಗಿ ಸ್ವಾಮಿಯ ಹಿಂದಿನ ಶಾಲೆಗೆ ಬಂದ ರಾಜಂ, ಠಾಕುಠೀಕಾದ ಬಟ್ಟೆ, ಸೊಗಸಾದ ಇಂಗ್ಲಿಷು. ಬಂದ ಕೆಲವೇ ದಿನಕ್ಕೆ ಮಣಿಯ ಹಗೆ ಕಟ್ಟಿಕೊಳ್ಳುತ್ತಾನೆ. ನದೀತೀರದ ತೋಪಿನಲ್ಲಿ ಹೊಡೆದಾಟಕ್ಕೆಂದು ಸೇರಿದವರು ಸ್ನೇಹಿತರಾಗಿ ಹಿಂತಿರುಗುತ್ತಾರೆ. ಆಮೇಲೆ ಸ್ವಾಮಿಯನ್ನು ಹಳೆಯ ಗೆಳೆಯರು ರಾಜಂನ ‘ಬಾಲ’ ಎಂದು ಹಂಗಿಸಿದಾಗ ಸ್ವಾಮಿ ಒಳಗೊಳಗೇ ಕುಗ್ಗುತ್ತಾನೆ. ಆ ಕುಗ್ಗುವಿಕೆಯ ಪ್ರತಿ ಎಳೆಯೂ ಪುಸ್ತಕದಲ್ಲಿದೆ.

ನನಗೆ ಅತ್ಯಂತ ಪ್ರಿಯವಾದ ಪುಟಗಳು ಇಬ್ಬರೂ ಒಬ್ಬರ ಮನೆಗೊಬ್ಬರು ಹೋಗುವ ಪುಟಗಳು. ರಾಜಂ ಬರುವ ದಿನ ಸ್ವಾಮಿಗೆ ಆತಂಕವೋ ಆತಂಕ. ಅಪ್ಪನ ಕೋಣೆ ಸಿಗುತ್ತದೋ ಇಲ್ಲವೋ, ತಿಂಡಿ ಏನು, ಅಡುಗೆಯವನು ಮಾಸಿದ ಬಟ್ಟೆಯಲ್ಲೇ ಎದುರಿಗೆ ಬಂದುಬಿಟ್ಟರೆ! ಇನ್ನು ರಾಜಂನ ಮನೆಯಲ್ಲಿ, ಗೆಳೆಯರ ಎದುರು ಅಡುಗೆಯವನಿಗೆ ಹುಕುಂ ಮಾಡಲು ಹೋದವನನ್ನು ಅಡುಗೆಯವನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಜಂ ಹೊರಗೆ ಬಂದು, ತಾನು ಒದ್ದ ಒದೆತಕ್ಕೆ ಅವನು ಎಚ್ಚರ ತಪ್ಪಿ ಬಿದ್ದಿದ್ದಾನೆ ಎಂದು ಗೆಳೆಯರಿಗೆ ಸುಳ್ಳು ಹೇಳುತ್ತಾನೆ.

‘ಇಬ್ಬರಿಗೂ ಅಡುಗೆಯವರಿಂದಲೇ ಮರ್ಯಾದೆ ಹೋಗುವ ಹೆದರಿಕೆ!’ ಎಂದು ಕೂಸು ಎದ್ದು ಕೂತಳು. ಹೌದು. ಒಬ್ಬ ಸಾಮಾನ್ಯ ಬೀದಿಯ ಹುಡುಗನಂತೆ ಅಂಜುತ್ತಾನೆ, ಇನ್ನೊಬ್ಬ ಸಾಹೇಬರ ಮಗನಂತೆ ಗತ್ತು ಮಾಡುತ್ತಾನೆ. ತಳದಲ್ಲಿರುವುದು ಒಂದೇ ಅಳುಕು, ಎದುರಿನವನ ಕಣ್ಣಿನಲ್ಲಿ ತಾನು ಸಣ್ಣವನಾಗಿಬಿಟ್ಟೇನೆಂದು. ಒಬ್ಬನದು ಇನ್ನೊಬ್ಬನಿಗೆ ಗೊತ್ತಿಲ್ಲ. ಸ್ವಾಮಿಯ ಲೆಕ್ಕದಲ್ಲಿ ರಾಜಂ ಯಾವುದಕ್ಕೂ ಅಳುಕದ ರಾಜಕುಮಾರ. ಕನ್ನಡದಲ್ಲಿ ‘ಹೋಲಿಸು’ ಹುಟ್ಟಿದ್ದು ‘ಹೋಲು’ವಿನಿಂದ. ಪರೀಕ್ಷೆಗೆ ಓದುವವರು ಆ ಶಬ್ದ ಕಂಡ ಕೂಡಲೇ ವ್ಯತ್ಯಾಸ ಹುಡುಕಲು ಓಡುತ್ತಾರೆ, ಶಬ್ದವೋ ಹೋಲುವುದನ್ನು ಮೊದಲು ನೋಡು ಎನ್ನುತ್ತಿದೆ.

1930ರ ಹರತಾಳದ ಅಧ್ಯಾಯದಲ್ಲಿ ಅಳತೆ ಇನ್ನಷ್ಟು ಕಷ್ಟದ್ದು. ಚಳವಳಿಯ ಆವೇಶದಲ್ಲಿ ಸ್ವಾಮಿ ಶಾಲೆಯ ಗಾಜಿಗೆ ಕಲ್ಲು ಬೀರುತ್ತಾನೆ. ಅದೇ ದಿನ ಗುಂಪಿನ ಮೇಲೆ ಲಾಠಿ ಬೀಸಲು ಅಪ್ಪಣೆ ಕೊಡುವವರು ರಾಜಂನ ಅಪ್ಪ. ಅದನ್ನು ಕಣ್ಣಾರೆ ಕಂಡ ಸ್ವಾಮಿಯ ಎದೆಯಲ್ಲಿ ಗೆಳೆಯನ ಅಪ್ಪ ಎಂಬ ಗೌರವವೂ, ಕಂಡ ಕ್ರೌರ್ಯವೂ ಒಟ್ಟಿಗೆ ಇಳಿಯುತ್ತವೆ. ಆ ರಾತ್ರಿ ತನ್ನ ಮನೆಯಲ್ಲಿ ಊಟಕ್ಕೆ ಕೂತ ರಾಜಂಗೆ ಏನನಿಸಿರಬಹುದು? ಪುಸ್ತಕ ಅಲ್ಲಿಗೆ ಹೋಗುವುದೇ ಇಲ್ಲ.

ಹಾಗಿದ್ದರೂ ರಾಜಂನ ಪ್ರೀತಿ ಕಾಣದೆ ಹೋಗಿಲ್ಲ. ಡ್ರಿಲ್ಲಿನಿಂದ ಬಿಡಿಸಿಕೊಡಿ ಎಂದು ಕೇಳಲು ಸ್ವಾಮಿಯ ಜೊತೆ ಅವನ ಹೆಡ್‌ಮಾಸ್ತರರ ಕೋಣೆಗೆ ನುಗ್ಗುವವನು ರಾಜಂ. ಅದು ಅವನ ಶಾಲೆ ಕೂಡ ಅಲ್ಲ. ಸ್ವಾಮಿಯ ಪ್ರೀತಿ ತಡವರಿಕೆಯಾಗಿ ಹೊರಬರುತ್ತದೆ, ರಾಜಂನದು ಆಜ್ಞೆಯಾಗಿ, ಓಡಾಟವಾಗಿ. ಅಷ್ಟು ಓಡಾಡಿದವನಿಗೆ ಪಂದ್ಯದ ದಿನ ಖಾಲಿ ಜಾಗ ಕಂಡಾಗ ಆದದ್ದನ್ನು ‘ಸಿಟ್ಟು’ ಎಂದು ಒಂದೇ ಶಬ್ದದಲ್ಲಿ ಮುಗಿಸಬಹುದೇ?

ಇಷ್ಟು ಹೊತ್ತಿಗೆ ಮಳೆ ಒಂದು ಹದಕ್ಕೆ ಬಂದಿತ್ತು. ಅಂಕಣದ ಗೆರೆ ಬಿಟ್ಟುಬಿಡೋಣ, ತಾಳಮದ್ದಳೆ ಮಾಡೋಣ ಎಂದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲಾಟಕ್ಕೆ ಬಿಡುವು ಸಿಗುವ ಮಳೆಗಾಲದಲ್ಲಿ ಮನೆಯ ಜಗುಲಿಯಲ್ಲೋ ದೇವಸ್ಥಾನದಲ್ಲೋ ನಡೆಯುವ ಕೂಟ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರದ ಮನಸ್ಸನ್ನು ಸ್ಥಳದಲ್ಲೇ ಮಾತಾಗಿ ಕಟ್ಟುತ್ತಾರೆ. ಆ ಮಾತಿಗೆ ನಾವು ಇಟ್ಟುಕೊಂಡ ಹೆಸರೇ ‘ಅರ್ಥ’. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ವಾಲಿಯ ನೋವು ನಮಗೆ ಸರಿ ಎನಿಸುತ್ತದೆ, ರಾಮ ಉತ್ತರಿಸುವಾಗ ರಾಮನ ಕಷ್ಟವೂ ಸರಿ ಎನಿಸುತ್ತದೆ. ಇವತ್ತು ರಾಮನ ಅರ್ಥ ಹೇಳಿದವರು ಇನ್ನೊಂದು ಕೂಟದಲ್ಲಿ ವಾಲಿಯ ಜಾಗದಲ್ಲಿ ಕೂರುತ್ತಾರೆ. ಎರಡೂ ಕಡೆ ಕೂತವನಿಗೆ ಮಾತ್ರ ಎದುರಿನವನ ಮಾತು ಎಲ್ಲಿಂದ ಹುಟ್ಟುತ್ತದೆಂದು ತಿಳಿಯುತ್ತದೆ. ಇಬ್ಬರ ಮನಸ್ಸನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ನಮ್ಮ ಸೀಮೆ ಇದಕ್ಕಿಂತ ಒಳ್ಳೆಯ ಶಾಲೆ ಕಟ್ಟಿಲ್ಲ.

ಅದಕ್ಕೊಂದು ಕಟ್ಟುಪಾಡೂ ಇದೆ. ಅರ್ಥವನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಆದರೆ ಪ್ರಸಂಗದ ಪದಕ್ಕೆ ವಿರುದ್ಧ ಹೋಗುವಂತಿಲ್ಲ. ನಾನು ಕೂಸಿಗೆ ಹೇಳಿದ್ದೂ ಅದನ್ನೇ: ರಾಜಂ ಪುಸ್ತಕದಲ್ಲಿ ಮಾಡಿದ್ದೇ ನಿನಗೆ ಪದ. ಅದರೊಳಗೆ ನಿಂತು ಅರ್ಥ ಹೇಳು.

ಮೊದಲು ಸ್ವಾಮಿಯಾದಳು, ನೀರು ಕುಡಿದಷ್ಟು ಸಲೀಸಾಗಿ. ಆಮೇಲೆ ಚಾಪೆಯ ಈಚೆ ಬದಿಗೆ ಬಂದು ರಾಜಂ ಆದಳು. ಸುಮಾರು ಹೊತ್ತು ಸುಮ್ಮನಿದ್ದು ಶುರು ಮಾಡಿದಳು: ‘ಅಪ್ಪನಿಗೆ ವರ್ಗವಾದಾಗೆಲ್ಲ ನಾನು ಶಾಲೆ ಬಿಡಬೇಕು. ಹೊಸ ಊರಲ್ಲಿ ಎಲ್ಲರೂ ನನ್ನ ಬಟ್ಟೆ ನೋಡುತ್ತಾರೆ. ಇಲ್ಲಿ ಮಾತ್ರ ನಾನೇ ಟೀಮು ಕಟ್ಟಿದೆ. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ ಅತ್ತುಬಿಡುತ್ತೇನೆ ಅನ್ನಿಸಿ ಮಾತು ಬಿಟ್ಟೆ. ಸ್ಟೇಶನ್ನಿನಲ್ಲಿ ಪೊಲೀಸರೆಲ್ಲ ಇದ್ದರು. ಅವರ ಎದುರು ಹೇಗೆ ಅಳಲಿ?’

ಅತ್ತ ಎಂದು ಪುಸ್ತಕದಲ್ಲಿಲ್ಲ ಎಂದೆ. ‘ಅತ್ತ ಅಂದಿದ್ದಿಲ್ಲೆ, ಅಳು ತಡೆದುಕೊಂಡ ಅಂದಿದ್ದು’ ಎಂದಳು. ಒಪ್ಪಬೇಕಾಯಿತು.

ಶಿರಸಿಯಲ್ಲಿ ಓದುವ ಮಗುವಿಗೆ ‘ವರ್ಗ’ ಎಂದರೇನೆಂದು ಗೊತ್ತು. ಅರಣ್ಯ ಇಲಾಖೆ, ಪೊಲೀಸು, ಬ್ಯಾಂಕು, ಶಾಲೆ ಎಲ್ಲ ಕಡೆಯ ನೌಕರರ ಮಕ್ಕಳು ಎರಡು ಮೂರು ವರ್ಷ ಪಕ್ಕದ ಬೆಂಚಿನಲ್ಲಿ ಕೂತು, ಜೂನ್ ಬರುವಷ್ಟರಲ್ಲಿ ಕಾಣೆಯಾಗುತ್ತಾರೆ. ಶಿರಸಿಗೆ ರೈಲಿಲ್ಲ, ಬೀಳ್ಕೊಡುವುದೆಲ್ಲ ಬಸ್ ಸ್ಟ್ಯಾಂಡಿನಲ್ಲಿ. ಇತ್ತೀಚೆಗೆ ನಮ್ಮ ಕಾಡು, ನಮ್ಮ ಹೊಳೆಯ ನಡುವೆಯೇ ನಡೆಯುವ ಮಕ್ಕಳ ಪುಸ್ತಕಗಳೂ ಇಲ್ಲಿಂದಲೇ ಬರುತ್ತಿರುವುದು ನನಗೆ ಹೆಮ್ಮೆ. ಸಿದ್ದಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಕಾದಂಬರಿಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆ ಪುಸ್ತಕಗಳನ್ನೂ ಹೀಗೆ ಚಾಪೆಯ ಎರಡು ಬದಿಗೆ ಕೂತು ಓದುವ ಆಸೆ ಕೂಸಿಗೆ ಹತ್ತಿದೆ.

ಸೋಂದೆ ಮೂರು ಮಠಗಳ ಊರು ಎಂಬುದೂ ಆ ರಾತ್ರಿ ನೆನಪಾಗುತ್ತಲೇ ಇತ್ತು. ವಾದಿರಾಜರ ಮಠದವರು ಒಂದು ಜೀವಕ್ಕೂ ಇನ್ನೊಂದು ಜೀವಕ್ಕೂ ಭೇದವುಂಟು ಎನ್ನುತ್ತಾರೆ, ಸ್ವರ್ಣವಲ್ಲಿಯವರು ತತ್ತ್ವದಲ್ಲಿ ಎರಡಿಲ್ಲ ಎನ್ನುತ್ತಾರೆ, ಅಕಲಂಕರ ಹೆಸರಿನ ಜೈನ ಮಠದ ಪರಂಪರೆ ಒಂದೇ ವಸ್ತುವಿಗೆ ಹಲವು ಮುಖ ಎನ್ನುತ್ತದೆ. ಮಠಗಳ ದೊಡ್ಡ ವಿಚಾರವನ್ನು ಮಕ್ಕಳ ಪುಸ್ತಕಕ್ಕೆ ಎಳೆದು ತರುತ್ತಿಲ್ಲ. ಆದರೆ ಇಬ್ಬರು ಬೇರೆಯೋ ಒಂದೋ ಎಂಬ ಪ್ರಶ್ನೆಯನ್ನು ನಾನೂರು ವರ್ಷ ಕಿವಿಗೆ ಹಾಕಿಕೊಂಡ ಊರಿನ ಮಗು, ಎರಡಂಕಣದ ಕೋಷ್ಟಕಕ್ಕೆ ಸೋಲಬಾರದು ಎಂದು ನನ್ನ ಹಟ.

ಕೂಸು ಬಲಗಡೆ ಬರೆಯತೊಡಗಿದಳು. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. ಕಿಟಕಿಯಲ್ಲಿ ರಾಜಂ ಏನು ಹೇಳಿದ ಎಂದು ಬರೆಯಲಿ? ಮಣಿ ಹೇಳಿದ್ದನ್ನೇ ಬರೆ ಎಂದೆ. ಮನೆಮಾತಿನಲ್ಲಿ ಒಮ್ಮೆ ಅಂದುಕೊಂಡಳು, ‘ಬರೀತ್ನಡ’. ಆ ಒಂದು ‘ಡ’, ಪುಸ್ತಕಗನ್ನಡದ ‘ಅಂತೆ’. ತಾನು ಕಂಡದ್ದಲ್ಲ, ಬೇರೆಯವರು ಹೇಳಿದ್ದು ಎಂದು ತಿಳಿಸುವ ಅಕ್ಷರ. ಮಣಿಯ ಓದಲಾಗದ ಮುಖವೆಲ್ಲ ಅದರಲ್ಲಿ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ನಾರಾಯಣರಿಗೆ ಇಷ್ಟು ಸಣ್ಣ ಅಕ್ಷರ ಸಿಕ್ಕಿರಲಿಕ್ಕಿಲ್ಲ.

ಖಾಲಿ ಅಂಕಣ ನೋಡಿ ನನಗೆ ಮಾತು ಹೊರಡದೆ ಹೋದದ್ದರ ಕಾರಣ ಹೇಳುತ್ತೇನೆ ಎಂದಿದ್ದೆ. ಹದಿನೇಳನೇ ವಯಸ್ಸಿನಲ್ಲಿ ನಾನು ಬೆಂಗಳೂರಿಗೆ ಹೊರಟ ದಿನ ಬಸ್ಸಿನ ಕಿಟಕಿಯೊಳಗೆ ಇದ್ದವನು ನಾನು. ಒಟ್ಟಿಗೆ ಓದಿದ ಗೆಳೆಯ ತೋಟ ನೋಡಿಕೊಳ್ಳಲು ಊರಲ್ಲೇ ಉಳಿದ. ನಾನು ಹೊರಡುವುದನ್ನು ನನ್ನ ಬಾಯಿಂದ ಅವನಿಗೆ ಹೇಳಿರಲಿಲ್ಲ. ಅವನ ಎದುರು ಹೇಳಲು ಮುಖವಿರಲಿಲ್ಲ. ಯಾರಿಂದಲೋ ಕೇಳಿ, ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ ಹಿಡಿದು ಓಡಿಬಂದಿದ್ದ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೊಟ್ಟ. ನಾನು ಏನೋ ಕೂಗಿದೆ. ಆಮೇಲೆ ಕಾಗದ ಬರೆಯಲಿಲ್ಲ. ಹೊರಗೆ ನಿಂತವನ ಕಣ್ಣಿಗೆ ನಾನು ಹೇಗೆ ಕಂಡಿರಬಹುದೋ ಗೊತ್ತಿಲ್ಲ, ಒಳಗಿದ್ದವನಿಗೆ ಮಾತ್ರ ಶಿರಸಿ ದಾಟುವವರೆಗೂ ಭರಣಿಯ ಮೇಲಿನಿಂದ ಕೈ ತೆಗೆಯಲಾಗಿರಲಿಲ್ಲ.

ಕೂಸು ಬಲಗಡೆ ತುಂಬಿಸಿದ ಮರುದಿನ ಮಳೆ ಬಿಟ್ಟ ಹೊತ್ತು ನೋಡಿ ಆ ಗೆಳೆಯನ ಮನೆಗೆ ಹೋದೆ. ಮುಂಡಿಗೆಕೆರೆಯ ಬೆಳ್ಳಕ್ಕಿ, ಅಡಿಕೆಯ ಕೊಳೆರೋಗ ಎಲ್ಲ ಮಾತಾಡಿ ಆದ ಮೇಲೆ ಕೇಳಿ ನೋಡಿದೆ: ಅವತ್ತು ಬಸ್ಸಿನಿಂದ ನಾನು ಹೇಳಿದ್ದು ನಿನಗೆ ಕೇಳಿತ್ತೇ?

ಕೇಳಿತ್ತು ಎಂದ. ‘ಬತ್ತಿ’ ಅಂದೆಯಲ್ಲ, ತಿರುಗಿ ಬರುತ್ತೇನೆ ಎಂದು. ಮುಂದಿನ ಮಾರಿಜಾತ್ರೆಗೆ ಬರುತ್ತೀ ಎಂದು ಜಾತ್ರೆ ನಡೆಯುವ ಬಿಡ್ಕಿಬಯಲಿನಲ್ಲಿ ಮೂರು ದಿನ ನೋಡಿದ್ದನಂತೆ.

ನಾನು ಕೂಗಿದ್ದು ‘ಮಳೆ ಬತ್ತು, ಮನೆಗೆ ಹೋಗು’ ಎಂದು.